ಮಾವನ ಅಂಗಡಿಯ ‘ಸಂಪರ್ಕಿಸಿ’ ಪುಟ

ನನ್ನ ದಿನದ ಮೊದಲ ಮಾತು ಹೊರಬೀಳುವಾಗ ಸಾಮಾನ್ಯವಾಗಿ ಮಧ್ಯಾಹ್ನವಾಗಿರುತ್ತದೆ. ಅದೂ ಕೆಳಗಿನ ಅಂಗಡಿಯಲ್ಲಿ, ‘ಒಂದು ಬ್ರೆಡ್ ಕೊಡಿ’ ಎಂದು. ಬೆಳಗಿನಿಂದ ಬಳಸದ ಗಂಟಲು ಆ ಮೂರು ಪದಕ್ಕೇ ಕೀರಲು ಹಿಡಿಯುತ್ತದೆ. ಅಂಗಡಿಯಾಕೆ ‘ಶೀತ ಆಗಿದ್ಯಾ?’ ಎಂದು ಕೇಳುತ್ತಾಳೆ. ಹೌದೆನ್ನುತ್ತೇನೆ. ಅವಳ ಪ್ರಕಾರ ನನಗೆ ಮೂರು ವರ್ಷದಿಂದ ಶೀತ.

ನಾನು ವೆಬ್ ಡಿಸೈನರ್. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಮೇಜು, ಎರಡು ಪರದೆ, ಎದುರು ಕಟ್ಟಡದ ನೀರಿನ ಕೊಳವೆಗಳು ಮಾತ್ರ ಕಾಣುವ ಒಂದು ಕಿಟಕಿ. ಗಿರಾಕಿಗಳೆಲ್ಲ ಪರದೆಯ ಮೂಲೆಯಲ್ಲಿ ಗುಂಡಗಿನ ಚಿತ್ರಗಳಾಗಿ ಇರುತ್ತಾರೆ. ಒಬ್ಬರು ತಮ್ಮ ಮುಖದ ಬದಲು ನಾಯಿಯ ಮುಖ ಹಾಕಿಕೊಂಡಿದ್ದಾರೆ. ಎರಡು ವರ್ಷದಿಂದ ನಾನು ಆ ನಾಯಿಯ ಜೊತೆಗೇ ನೀಲಿ ಬಣ್ಣದ ವಿಷಯಕ್ಕೆ ಕಿತ್ತಾಡುತ್ತಿದ್ದೇನೆ. ‘ಎಲ್ಲರ ಹಾಗೆ ಆಫೀಸಿಗೆ ಹೋಗಿ ಮಾಡಬಾರದಾ?’ ಎಂದು ಅಮ್ಮ ಭಾನುವಾರದ ಫೋನಿನಲ್ಲಿ ಕೇಳುತ್ತಾಳೆ. ಎರಡು ಆಫೀಸು ನೋಡಿಯಾಯಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ, ಎರಡೂ ಕಡೆ ನನಗಿಂತ ಮೊದಲು ಅದೇ ರಾಜೀನಾಮೆ ಕೊಟ್ಟಿತು. ಒಂಟಿಯಾಗಿರುವುದು ಅಭ್ಯಾಸವಾಗಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು.

ಈ ಕೆಲಸಕ್ಕೆ ನಾನು ಬಂದದ್ದು ಕಾಲೇಜಿನಿಂದಲ್ಲ, ಒಂದು ಶೂ ಅಂಗಡಿಯ ಹಿಂದಿನ ಕೋಣೆಯಿಂದ. ನನ್ನ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ, ಹುಟ್ಟಿದಾಗಿನಿಂದ. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಆಗ ಎಲ್ಲರಿಗೂ ಶೂ ಹೊಲಿಯುತ್ತಿದ್ದ. ತೊಟ್ಟಿಲಲ್ಲಿ ನನ್ನ ಕಾಲು ನೋಡಿದ ಮೇಲೆ ಗಿಡ್ಡ ಕಾಲು, ಸೊಟ್ಟ ಪಾದ, ಬೆರಳು ಕಳೆದುಕೊಂಡ ಪಾದ, ಇಂಥವರಿಗೆ ಮಾತ್ರ ಹೊಲಿಯುತ್ತೇನೆ ಎಂದು ಹಟ ಹಿಡಿದನಂತೆ. ಮದುವೆಯಾಗಲಿಲ್ಲ. ಕೇಳಿದವರಿಗೆ ‘ದಿನವಿಡೀ ಜೋಡಿ ಮಾಡೋದೇ ನನ್ನ ಕೆಲಸ, ಮನೇಲೂ ಅದೇ ಯಾಕೆ?’ ಎನ್ನುತ್ತಿದ್ದ.

ಅವನ ಕೆಲಸದ ರೀತಿ ನನಗೆ ಬಾಯಿಪಾಠ. ಗಿರಾಕಿ ಬಂದರೆ ಮೊದಲು ನೆಲದ ಮೇಲೆ ಕಾಗದ ಹಾಸಿ ಬರಿಗಾಲು ಇಡಿಸುತ್ತಿದ್ದ. ಕಿವಿಯ ಮೇಲಿನ ಪೆನ್ಸಿಲು ತೆಗೆದು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯುತ್ತಿದ್ದ. ಪೆನ್ಸಿಲು ಪಾದದ ಒಳಗಿನ ಬಾಗಿನ ಹತ್ತಿರ ಬಂದಾಗ ಎಂಥವರಿಗೂ ಕಚಗುಳಿಯಾಗುತ್ತದೆ. ‘ಅಲ್ಲಾಡಬೇಡ’ ಎಂದು ಗದರುತ್ತಿದ್ದ. ಒಮ್ಮೆ ನ್ಯಾಯಾಧೀಶರೊಬ್ಬರಿಗೂ ಹಾಗೆಯೇ ಗದರಿದ್ದಾನೆ. ಆ ಗೆರೆಯಿಂದ ಮರದ ಅಚ್ಚು, ಅಚ್ಚಿನ ಮೇಲೆ ಚರ್ಮ. ಶೂ ಮುಗಿದ ಮೇಲೂ ಸುಮ್ಮನೆ ಕೊಟ್ಟು ಕಳಿಸುತ್ತಿರಲಿಲ್ಲ. ಗಿರಾಕಿ ಅದನ್ನು ಹಾಕಿಕೊಂಡು ಬೆಂಚಿನಿಂದ ಬಾಗಿಲವರೆಗೆ ಹನ್ನೆರಡು ಹೆಜ್ಜೆ ಹೋಗಬೇಕು, ಹನ್ನೆರಡು ಹೆಜ್ಜೆ ವಾಪಸು ಬರಬೇಕು. ಮಾವ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಹಿಮ್ಮಡಿ ನೋಡುತ್ತಿದ್ದ.

“ಹೊಲಿದವನಿಗೆ ಸರಿ ಕಂಡ್ರೆ ಸಾಲದು. ಹಾಕ್ಕೊಳ್ಳೋರು ನಡೆದು ತೋರಿಸ್ಬೇಕು,” ಎನ್ನುತ್ತಿದ್ದ.

ಈ ಮಾತನ್ನು ನೂರು ಸಲ ಕೇಳಿದ್ದೇನೆ. ಕಿವಿಯ ಮೇಲೆ ಹಾಕಿಕೊಂಡದ್ದು ಒಂದು ಸಲವೂ ಇಲ್ಲ.

ಓದು ಮುಗಿಸಿ ನಾನು ಬಟ್ಟೆ ಒಗೆಯುವ ಯಂತ್ರಗಳ ಕಂಪನಿಯೊಂದರಲ್ಲಿ ಫೋನಿನಲ್ಲಿ ದೂರು ಕೇಳುವ ಕೆಲಸಕ್ಕೆ ಸೇರಿದ್ದೆ. ಒಬ್ಬ ಗಿರಾಕಿ ಮೂರನೇ ಸಲ ಫೋನ್ ಮಾಡಿದಾಗ ‘ಮೊದಲು ಪ್ಲಗ್ ಹಾಕಿ ಸ್ವಾಮಿ!’ ಎಂದು ಕಿರುಚಿದ್ದಕ್ಕೆ ಅದೇ ಸಂಜೆ ಮನೆಗೆ ಕಳಿಸಿದರು. ಮುಖ ಊದಿಸಿಕೊಂಡು ಮಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೋಗಿ ಕೂತೆ. ಅಲ್ಲಿ ರಸೀದಿಗಾಗಿ ತಂದಿಟ್ಟ ಒಂದು ಹಳೆಯ ಕಂಪ್ಯೂಟರ್ ಇತ್ತು. ಮಾಡಲು ಬೇರೆ ಕೆಲಸವಿಲ್ಲದೆ, ಪುಕ್ಕಟೆ ಸಿಗುವ ಪಾಠಗಳನ್ನು ನೋಡಿ ನೋಡಿ ಪುಟ ಕಟ್ಟುವುದನ್ನು ಕಲಿತೆ. ಮೊದಲ ತಿಂಗಳು ಪೂರ್ತಿ ಒಂದು ಚೌಕವನ್ನು ಪರದೆಯ ನಡುಮಧ್ಯಕ್ಕೆ ತರುವುದರಲ್ಲೇ ಕಳೆಯಿತು. ಈ ವೃತ್ತಿಯಲ್ಲಿ ಇರುವವರು ಇದನ್ನು ಓದಿ ನಗುವುದಿಲ್ಲ.

ಮಾವನಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ, ಆದರೂ ನನ್ನ ಮೊದಲ ಗುರು ಅವನೇ. ನಾನು ಪುಟದಲ್ಲಿ ಚಿತ್ರ, ಅಕ್ಷರ, ಗೆರೆ ಎಲ್ಲವನ್ನೂ ಬಸ್ಸಿಗೆ ತುಂಬಿದಂತೆ ತುಂಬಿದ್ದೆ. ಅಂಟು ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನನ್ನ ಹಿಂದೆ ಬಂದು ನಿಂತ.

“ಬೆರಳಿಗೆ ಜಾಗ ಎಲ್ಲಿ?”

“ಯಾವ ಬೆರಳು?”

“ಶೂ ತುದೀಲಿ ಒಂದು ಹೆಬ್ಬೆರಳಷ್ಟು ಖಾಲಿ ಬಿಡ್ತೀನಲ್ಲ, ಹಾಗೆ. ಇದನ್ನ ಹಾಕ್ಕೊಂಡ್ರೆ ಕಣ್ಣಿಗೆ ಗುಳ್ಳೆ ಏಳುತ್ತೆ.”

ಆಮೇಲೆ ನಾನು ಜಾಗ ಬಿಡುವುದನ್ನು ಕಲಿತೆ. ಇವತ್ತಿಗೂ ನನ್ನ ಕೆಲಸದಲ್ಲಿ ಜನ ಮೆಚ್ಚುವುದು ಅದೊಂದನ್ನೇ.

ಆ ಹೊತ್ತಿಗೆ ಮಾವನ ಅಂಗಡಿಗೆ ಜನ ಕಡಿಮೆಯಾಗಿದ್ದರು. ಅವನಲ್ಲಿಗೆ ರೋಗಿಗಳನ್ನು ಕಳಿಸುತ್ತಿದ್ದ ಮೂಳೆ ಡಾಕ್ಟರು ವಯಸ್ಸಾಗಿ ಕೆಲಸ ನಿಲ್ಲಿಸಿದ್ದರು. ಫೋನಿನಲ್ಲಿ ವಿಚಾರಿಸೋಣವೆಂದರೆ ಮಾವನಿಗೆ ಕಿವಿ ಮಂದ. ಮೂವತ್ತು ವರ್ಷ ಚರ್ಮ ಉಜ್ಜುವ ಯಂತ್ರದ ಪಕ್ಕ ನಿಂತರೆ ಇನ್ನೇನಾಗುತ್ತದೆ? ಎದುರಿಗೆ ನಿಂತು ಕೂಗಿದರೆ ಕೇಳುತ್ತಿತ್ತು, ಫೋನಿನಲ್ಲಿ ಏನೇನೂ ಇಲ್ಲ. ‘ನಿನಗೊಂದು ವೆಬ್‌ಸೈಟ್ ಮಾಡಿಕೊಡ್ತೀನಿ’ ಎಂದೆ ನಾನು. ‘ಬೇರೆ ಊರಿನವರೂ ಬರೀತಾರೆ. ನೀನು ಓದಿ ಉತ್ತರ ಕೊಡು. ಕಿವಿಯ ರಗಳೆಯೇ ಬೇಡ.’ ಫೋನ್ ನಂಬರನ್ನು ಹಾಕಲೇ ಇಲ್ಲ. ಕೊನೆಯ ಪುಟಕ್ಕೆ ‘ಸಂಪರ್ಕಿಸಿ’ ಎಂದು ಹೆಸರಿಟ್ಟು ಒಂದು ಫಾರ್ಮ್ ಇಟ್ಟೆ. ಹೆಸರು, ವಿಳಾಸ, ಯಾವ ಕಾಲು, ಏನು ತೊಂದರೆ. ತುಂಬಿ ಗುಂಡಿ ಒತ್ತಿದರೆ ಮಾವನ ಇಮೇಲಿಗೆ ಬಂದು ಬೀಳಬೇಕು.

ಫಾರ್ಮ್ ಪರೀಕ್ಷಿಸುವುದಕ್ಕೆ ಒಂದು ಪುಕ್ಕಟೆ ಇಮೇಲ್ ವಿಳಾಸ ತೆರೆದು ಅದನ್ನು ಫಾರ್ಮಿಗೆ ಜೋಡಿಸಿದೆ. ನಾನೇ ತುಂಬಿದೆ: ‘ಒಂದು ಕಾಲು ಆನೆಯದು, ಇನ್ನೊಂದು ಇರುವೆಯದು. ಶೂ ಸಿಗಬಹುದೇ?’ ಅರೆ ನಿಮಿಷದಲ್ಲಿ ಬಂದು ಬಿತ್ತು. ಕುಣಿದಾಡಿಬಿಟ್ಟೆ. ಮಾವನ ಬೆನ್ನಿಗೆ ಗುದ್ದಿ ‘ನಿನ್ನ ಅಂಗಡಿ ಇನ್ನು ಲೋಕಕ್ಕೆಲ್ಲ ತೆರೆದಿದೆ’ ಎಂದು ಕೂಗಿದೆ. ಮಾವ ಆ ದಿನ ಅಂಗಡಿಯ ಬೆಂಚಿಗೆ ಹೊಸ ಬಟ್ಟೆ ಹಾಕಿಸಿದ.

ಆ ಸೈಟನ್ನು ತೋರಿಸಿಯೇ ನನಗೆ ಮೊದಲ ಡಿಸೈನರ್ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಆಫೀಸಿನ ಯಜಮಾನ ‘ಇಲ್ಲೆಲ್ಲ ಯಾಕೆ ಖಾಲಿ ಬಿಟ್ಟಿದ್ದೀರಿ?’ ಎಂದು ಕೇಳಿದಾಗ ‘ಬೆರಳಿಗೆ ಸರ್’ ಎಂದೆ. ಆತ ನಕ್ಕು ಸೋಮವಾರದಿಂದ ಬನ್ನಿ ಎಂದ.

ಮಾವ ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ಕಂಪ್ಯೂಟರ್ ಹಚ್ಚುತ್ತಿದ್ದನಂತೆ. ಪತ್ರ ಬಂದರೆ ಆಗುವ ಸದ್ದು ಅವನಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೆ ಅರ್ಧ ಗಂಟೆಗೊಮ್ಮೆ ಸುತ್ತಿಗೆ ಕೆಳಗಿಟ್ಟು ಹಿಂದಿನ ಕೋಣೆಗೆ ಹೋಗಿ ನೋಡಿ ಬರುತ್ತಿದ್ದನಂತೆ. ಇದನ್ನೆಲ್ಲ ಅಮ್ಮ ನನಗೆ ಹೇಳಿದ್ದಳು. ‘ಪಾಪ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾನೆ’ ಎಂದಿದ್ದಳು. ನಾನು ಆಗ ಹೊಸ ಆಫೀಸಿನ ಹೊಸ ಕುರ್ಚಿಯಲ್ಲಿ ತಿರುಗುತ್ತಿದ್ದೆ.

ವರ್ಷ ಕಳೆದ ಮೇಲೆ ಒಂದು ಭಾನುವಾರ ಅಮ್ಮನ ಮನೆಯಲ್ಲಿ ಮೂವರೂ ಊಟಕ್ಕೆ ಕೂತಿದ್ದೆವು. ಮಾವ ತಟ್ಟೆ ನೋಡಿಕೊಂಡೇ ಕೇಳಿದ.

“ಆ ಫಾರ್ಮು ಸರಿಯಾಗಿ ಕೆಲಸ ಮಾಡ್ತಿದ್ಯಾ? ಇಲ್ಲಿತನಕ ಒಂದೂ ಬಂದಿಲ್ಲ.”

ಆ ವಾರ ಆಫೀಸಿನಲ್ಲಿ ಯಾರೋ ನನ್ನ ಕೆಲಸದಲ್ಲಿ ತಪ್ಪು ತೆಗೆದಿದ್ದರು. ಆ ಸಿಟ್ಟೆಲ್ಲ ಮಾವನ ತಲೆಗೆ ಬಿತ್ತು.

“ನಿನ್ನ ಹೊಲಿಗೆ ಬಗ್ಗೆ ನಾನು ಕೇಳ್ತೀನಾ? ನನ್ನ ಕೆಲಸ ನನಗೆ ಗೊತ್ತು ಮಾವ. ಪರೀಕ್ಷೆ ಮಾಡಿ ನೋಡಿದ್ದೀನಿ. ಫಾರ್ಮ್ ಸರಿಯಾಗೇ ಇದೆ!”

“ಹಾಗಾದ್ರೆ ಯಾಕೆ…”

“ಜನ ಬರೀತಿಲ್ಲ ಅಂದ್ರೆ ಜನಕ್ಕೆ ಬೇಡ ಅಂತ ಅರ್ಥ!”

ಕಿವಿ ಮಂದವಾದವರಿಗೆ ಮೆತ್ತಗೆ ಹೇಳಲು ಬರುವುದಿಲ್ಲ. ಕೂಗಿಯೇ ಹೇಳಿದೆ. ಒಂದು ಅಕ್ಷರವೂ ತಪ್ಪದೆ ಅವನಿಗೆ ಕೇಳಿಸಿತು. ‘ಸರಿ ಬಿಡು’ ಎಂದ. ಆ ವಿಷಯವನ್ನು ಮತ್ತೆ ಯಾವತ್ತೂ ಎತ್ತಲಿಲ್ಲ.

ಅದಾಗಿ ಹತ್ತು ತಿಂಗಳಿಗೆ ಅಂಗಡಿ ಮುಚ್ಚಿದ. ಮುಚ್ಚುವ ಮುನ್ನ ಹೊಲಿದ ಕೊನೆಯ ಜೋಡಿ ನನ್ನದು. ಕಪ್ಪು ಚರ್ಮ, ಎಡದ್ದರ ಅಟ್ಟೆ ಎರಡು ಬೆರಳು ದಪ್ಪ. ಕೊಡುವಾಗ ‘ನಡಿ ನೋಡೋಣ’ ಎನ್ನಲಿಲ್ಲ. ನಾನೂ ಅವಸರದಲ್ಲಿದ್ದೆ. ಆಮೇಲೆ ಅವನು ದೊಡ್ಡದೊಂದು ಶೂ ಮಳಿಗೆಯಲ್ಲಿ ಸಿದ್ಧ ಶೂ ಮಾರುವ ಕೆಲಸಕ್ಕೆ ಸೇರಿದನೆಂದು ಅಮ್ಮ ಹೇಳಿದಳು. ನಾಲ್ಕು ವರ್ಷದಲ್ಲಿ ನಾನು ಅವನನ್ನು ನೋಡಿದ್ದು ಐದಾರು ಸಲ, ಅಮ್ಮನ ಮನೆಯಲ್ಲಿ, ತಟ್ಟೆಯ ಆಚೆಬದಿಗೆ. ಸೈಟನ್ನು ಮಾತ್ರ ತೆಗೆಯಲಿಲ್ಲ. ಹೊಸ ಗಿರಾಕಿಗಳಿಗೆ ತೋರಿಸಲು ಅದೇ ನನ್ನ ಅತ್ಯಂತ ಚೆಂದದ ಕೆಲಸ.

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ, ಹಲ್ಲುಜ್ಜಿ ಮೇಜಿಗೆ ಬಂದು ಕೂತಾಗ, ಒಂದು ಸೂಚನೆ ಬಂದಿತ್ತು. ಆ ಪುಕ್ಕಟೆ ಇಮೇಲ್ ಕಂಪನಿ ಬಾಗಿಲು ಹಾಕುತ್ತಿದೆಯಂತೆ. ನಿಮ್ಮ ಹಳೆಯ ಖಾತೆಯಲ್ಲಿ ಬೇಕಾದದ್ದು ಇದ್ದರೆ ಮೂವತ್ತು ದಿನದೊಳಗೆ ತೆಗೆದುಕೊಳ್ಳಿ, ಆಮೇಲೆ ಎಲ್ಲವೂ ಅಳಿಸಿಹೋಗುತ್ತದೆ. ಯಾವ ಖಾತೆ ಎಂದು ತಕ್ಷಣ ನೆನಪಾಗಲಿಲ್ಲ. ಏನಿರುತ್ತದೆ ಮಣ್ಣು ಎಂದುಕೊಂಡು ತೆರೆದೆ.

ಓದದ ಪತ್ರಗಳು: ಅರವತ್ಮೂರು.

ಎಲ್ಲಕ್ಕಿಂತ ಕೆಳಗೆ ನನ್ನದೇ ಆನೆ, ಇರುವೆ. ಅದರ ಮೇಲೆ, ಹತ್ತು ದಿನ ಬಿಟ್ಟು, ಯಾರೋ ಅಂಚೆ ಹಂಚುವ ಹೆಂಗಸು ಬರೆದಿದ್ದಳು. ಬಲಗಾಲು ಮುರಿದು ಕೂಡಿದ ಮೇಲೆ ಗಿಡ್ಡವಾಗಿದೆ, ಇಡೀ ದಿನ ನಡೆಯುವ ಕೆಲಸ, ಸೊಂಟ ಬಿದ್ದುಹೋಗುತ್ತಿದೆ, ಯಾವಾಗ ಬರಲಿ? ಅದರ ಮೇಲೆ ಒಬ್ಬ ಬಸ್ ಡ್ರೈವರ್. ಅದರ ಮೇಲೆ ಮದುವೆ ಗೊತ್ತಾದ ಹುಡುಗಿ, ಆ ಒಂದು ದಿನ ಕುಂಟಬಾರದು ಎಂದು. ಏಳು ವರ್ಷದ ಹಿಂದೆ ಮಾವನ ಹತ್ತಿರ ಶೂ ಹೊಲಿಸಿಕೊಂಡಿದ್ದ ಮೇಷ್ಟ್ರು: ‘ಅಟ್ಟೆ ಇನ್ನೂ ಗಟ್ಟಿ ಇದೆ, ಸುಮ್ಮನೆ ಹೇಳೋಣ ಅನ್ನಿಸಿತು.’

ಸೈಟಿನ ಹಿಂದಿನ ಕಡತ ತೆರೆದು ನೋಡಿದೆ. ಫಾರ್ಮು ಯಾರಿಗೆ ಹೋಗಬೇಕು ಎಂದು ಬರೆಯುವ ಸಾಲಿನಲ್ಲಿ ನನ್ನ ಪರೀಕ್ಷೆಯ ವಿಳಾಸ ಹಾಗೆಯೇ ಕೂತಿತ್ತು. ಕುಣಿದಾಡುವ ಸಂಭ್ರಮದಲ್ಲಿ ಅದನ್ನು ತೆಗೆದು ಮಾವನ ವಿಳಾಸ ಹಾಕುವುದನ್ನೇ ಮರೆತಿದ್ದೆ. ಒಂದೇ ಒಂದು ಸಾಲು. ಪ್ಲಗ್ ಹಾಕಿ ಸ್ವಾಮಿ ಎಂದು ಕಿರುಚಿದ ಮಹಾಬುದ್ಧಿವಂತೆ ನಾನು. ನನ್ನ ಕಾಲಿಗೇ ಹಾಕಿ ನೋಡಿ, ಸರಿಯಿದೆ ಎಂದು ಮಾವನಿಗೆ ಕೊಟ್ಟಿದ್ದೆ.

ಅರವತ್ಮೂರನ್ನೂ ಓದಿದೆ. ನಡುವೆ ಎರಡು ಪತ್ರಗಳಲ್ಲಿ ಹೆಸರಿನ ಜಾಗ, ವಿಳಾಸದ ಜಾಗ ಎಲ್ಲ ಖಾಲಿ. ಮೊದಲನೆಯದರ ತಾರೀಖು, ಊಟದ ಮುಂದೆ ನಾನು ಕೂಗಾಡಿದ ಆ ಭಾನುವಾರದ ಮರುದಿನ.

‘ನಾನೇ, ಅಂಗಡಿಯವನು. ಇದು ನನಗೆ ಬಂದು ಸೇರಿದರೆ ಎಲ್ಲ ಸರಿ ಇದೆ ಅಂತ.’

ಎರಡನೆಯದು ಅದರ ಮರುದಿನದ್ದು.

‘ನಿನ್ನೆಯದು ಬರಲಿಲ್ಲ. ಹುಡುಗಿ ಸರಿ ಇದೆ ಅಂತಾಳೆ. ಅವಳು ಕಲಿತವಳು, ಅವಳಿಗೆ ಗೊತ್ತಿರುತ್ತೆ. ನಾನೇ ಏನೋ ತಪ್ಪು ಒತ್ತಿರಬೇಕು. ಅವಳನ್ನ ಮತ್ತೆ ಕೇಳಬಾರದು, ಕೆಲಸ ಜಾಸ್ತಿ ಪಾಪ.’

ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಕೋಣೆಯಲ್ಲಿ ಆ ಕಡೆಗೂ ಈ ಕಡೆಗೂ ನಡೆದೆ. ಹೇಳಿಕೊಳ್ಳೋಣವೆಂದರೆ ಒಂದು ನರಪಿಳ್ಳೆ ಇಲ್ಲ. ನಾಯಿಯ ಚಿತ್ರದವರು ನೀಲಿ ಇನ್ನೂ ಸ್ವಲ್ಪ ತಿಳಿಯಾಗಲಿ ಎಂದು ಬರೆದಿದ್ದರು. ತಿಳಿ ಮಾಡಿ ಕಳಿಸಿದೆ.

ಆಮೇಲಿನ ದಿನಗಳಲ್ಲಿ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಏನೂ ಮಾಡಲಿಲ್ಲ. ಮೂವತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಎಲ್ಲವೂ ತಾನಾಗಿಯೇ ಅಳಿಸಿಹೋಗುತ್ತಿತ್ತು, ನನ್ನ ತಪ್ಪು ನರಮನುಷ್ಯರಿಗೆ ಗೊತ್ತಾಗುತ್ತಿರಲಿಲ್ಲ. ಮಾವ ಹೇಗೂ ಹೊಸ ಕೆಲಸಕ್ಕೆ ಹೊಂದಿಕೊಂಡಿದ್ದಾನೆ, ಹಳೆಯ ಗಾಯ ಯಾಕೆ ಕೆರೆಯಬೇಕು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಅದೆಲ್ಲ ನೆಪ. ನನಗಿದ್ದದ್ದು ಹೆದರಿಕೆ. ತಟ್ಟೆಯ ಆಚೆಬದಿಗಾದರೂ ಕೂರುವ ಒಬ್ಬ ಮಾವನಿದ್ದ, ಹೇಳಿದರೆ ಅವನೂ ಇರುವುದಿಲ್ಲ. ಹೇಳದಿದ್ದರೆ ತನ್ನ ಕೆಲಸ ಯಾರಿಗೂ ಬೇಕಾಗಿರಲಿಲ್ಲ ಎಂದುಕೊಂಡೇ ಅವನು ಮುದುಕನಾಗುತ್ತಾನೆ.

ಮುಂದಿನ ಭಾನುವಾರ ಅಮ್ಮ ಫೋನಿನಲ್ಲಿ ಕೇಳಿದಳು.

“ಯಾಕೆ ದನಿ ಹಾಗಿದೆ?”

“ಶೀತ.”

“ನಿನ್ನ ಮಾವನೂ ಮೊನ್ನೆ ನಿನ್ನನ್ನ ಕೇಳ್ತಿದ್ದ. ಶೂ ಸವೆದಿರುತ್ತೆ ಈಗ ಅಂತ.”

ನಿಜ, ಸವೆದಿತ್ತು. ಎಡದ ಹಿಮ್ಮಡಿ ಹೊರಬದಿಗೆ ತಿಂದುಹೋಗಿ, ನಾಲ್ಕಾರು ತಿಂಗಳಿಂದ ನಾನು ಮಹಡಿ ಇಳಿಯುವಾಗ ಗೋಡೆ ಹಿಡಿಯುತ್ತಿದ್ದೆ. ಮೂರನೇ ಮಹಡಿಯಿಂದ ಇಳಿಯುವುದೇ ಬ್ರೆಡ್ಡಿಗೆ ಮಾತ್ರ, ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಆ ಪೆಟ್ಟಿಗೆಯನ್ನು ಮತ್ತೆ ತೆರೆದು ನೋಡುತ್ತಾ ಕೂತಿದ್ದೆ. ಟಿಂಗ್ ಎಂದಿತು. ನನ್ನ ಕಣ್ಣೆದುರೇ ಇನ್ನೊಂದು ಪತ್ರ ಬಂದು ಬಿತ್ತು. ಒಬ್ಬ ತಾಯಿಯದು. ಅವಳು ಈ ಮೊದಲೂ ಮೂರು ಸಲ ಬರೆದಿದ್ದಳು, ಕೊನೆಯ ಸಲ ಒಂದು ತಿಂಗಳ ಹಿಂದೆ.

‘ನೀವು ಉತ್ತರ ಕೊಡುವುದಿಲ್ಲ ಎಂದು ಗೊತ್ತಾಗಿದೆ. ಆದರೂ ಬರೆಯುತ್ತಿದ್ದೇನೆ. ಮಗಳಿಗೆ ಒಂಬತ್ತು ತುಂಬಿತು. ಶಾಲೆಯಲ್ಲಿ ಓಟದ ದಿನ ಮನೆಯಲ್ಲೇ ಇರುತ್ತೇನೆ ಅನ್ನುತ್ತಾಳೆ. ನಿಮ್ಮ ಸೈಟಿನಲ್ಲಿರುವ ಆ ಎಡಗಾಲಿನ ಶೂ ಚಿತ್ರವನ್ನು ಅವಳು ಗೋಡೆಗೆ ಅಂಟಿಸಿಕೊಂಡಿದ್ದಾಳೆ.’

ಆ ಚಿತ್ರದಲ್ಲಿರುವುದು ನನ್ನ ಶೂ.

ಎಲ್ಲವನ್ನೂ ಮುದ್ರಿಸಿದೆ. ನನ್ನ ಆನೆಯನ್ನು ಬಿಟ್ಟು, ಇವತ್ತಿನದನ್ನು ಸೇರಿಸಿ ಅರವತ್ಮೂರು ಹಾಳೆ. ಚೀಲಕ್ಕೆ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಮೂರು ಮಹಡಿ ಇಳಿದೆ. ಬಸ್ಸಿನಲ್ಲಿ ಇಡೀ ದಾರಿ ಮಾತುಗಳನ್ನು ಜೋಡಿಸಿದೆ. ಮೆತ್ತಗೆ ಶುರುಮಾಡಬೇಕು, ನಿಧಾನವಾಗಿ ವಿಷಯಕ್ಕೆ ಬರಬೇಕು ಎಂದೆಲ್ಲ.

ಆ ಮಳಿಗೆ ಪೂರ್ತಿ ಗಾಜು, ಪೂರ್ತಿ ಬೆಳಕು. ಗೋಡೆಯುದ್ದಕ್ಕೂ ನೂರಾರು ಶೂಗಳು, ಎಲ್ಲ ಜೋಡಿಯೂ ಸರಿಸಮ. ಸಮವಸ್ತ್ರ ಹಾಕಿದ ಮಾವ ದೂರದಲ್ಲಿ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ. ಪೆನ್ಸಿಲು ಮಾತ್ರ ಕಿವಿಯ ಮೇಲೆಯೇ ಇತ್ತು. ಕೂದಲು ಇಷ್ಟೊಂದು ಬೆಳ್ಳಗಾಗಿದ್ದನ್ನು ಅಮ್ಮನ ಮನೆಯಲ್ಲಿ ನಾನು ಗಮನಿಸಿಯೇ ಇರಲಿಲ್ಲ. ಧೈರ್ಯ ಸಾಲದೆ ಗಿರಾಕಿಯಂತೆ ಹೋಗಿ ಬೆಂಚಿನ ಮೇಲೆ ಕೂತೆ. ಅವನು ಬಂದ, ಅಭ್ಯಾಸಬಲದಿಂದ ಮುಖ ನೋಡದೆ ನೆಲಕ್ಕೆ ಮಂಡಿಯೂರಿದ, ನನ್ನ ಎಡಗಾಲು ಕೈಗೆ ತೆಗೆದುಕೊಂಡ. ಶೂ ಬಿಚ್ಚಿ ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ತಲೆ ಎತ್ತಿದ.

“ಇದನ್ನ ಹೊಲಿದವನು ಒಳ್ಳೆ ಕೆಲಸಗಾರ. ಹಾಕ್ಕೊಂಡವಳು ಕತ್ತೆ. ಇಷ್ಟು ಸವೆಯೋ ತನಕ ಏನು ಮಾಡ್ತಿದ್ದೆ?”

ಜೋಡಿಸಿಟ್ಟ ಮಾತುಗಳೆಲ್ಲ ಹಾರಿಹೋದವು.

“ಮಾವ, ಒಂದು ತಪ್ಪಾಗಿದೆ.”

“ಆಂ?”

“ತಪ್ಪಾಗಿದೆ!”

“ಅಳತೆ ತಪ್ಪಾಗಿದ್ಯಾ? ಇಲ್ವಲ್ಲ.”

“ಅಳತೆ ಅಲ್ಲ! ಫಾರ್ಮು! ನಿನ್ನ ಅಂಗಡಿ ಫಾರ್ಮು! ಅದು ನನಗೆ ಬರ್ತಿತ್ತು! ನಾನು ವಿಳಾಸ ಬದಲಾಯಿಸೋದು ಮರೆತಿದ್ದೆ! ಜನ ಬರೆದಿದ್ರು ಮಾವ! ತಪ್ಪು ನಂದು!”

ಇಡೀ ಮಳಿಗೆ ನಮ್ಮ ಕಡೆ ತಿರುಗಿತು. ಒಂದು ಕಾಲಿಗೆ ಶೂ ಹಾಕಿಕೊಂಡಿದ್ದ ಗಿರಾಕಿಯೊಬ್ಬ ಇನ್ನೊಂದು ಕಾಲನ್ನು ಗಾಳಿಯಲ್ಲೇ ಹಿಡಿದಿದ್ದ. ಆ ದಿನ ಊಟದ ಮುಂದೆ ಕೂಗಿದ ದನಿಯಲ್ಲೇ ಈಗಲೂ ಕೂಗಿದ್ದೆ. ಮಾವ ನನ್ನ ಬಾಯಿಯನ್ನೇ ನೋಡುತ್ತಿದ್ದ. ಹಾಳೆಗಳನ್ನು ತೆಗೆದು ಅವನ ಮಡಿಲಲ್ಲಿಟ್ಟೆ.

ಕನ್ನಡಕ ಹಾಕಿಕೊಂಡ. ನೆಲದಲ್ಲೇ ಕೂತು ಓದಿದ. ಅಂಚೆಯವಳು, ಡ್ರೈವರು, ಮದುವೆ ಹುಡುಗಿ. ಮೇಷ್ಟ್ರ ಹಾಳೆಯನ್ನು ಎರಡು ಸಲ ಓದಿದ. ಹತ್ತೋ ಹನ್ನೆರಡೋ ಆದ ಮೇಲೆ ಎಲ್ಲವನ್ನೂ ಬೆಂಚಿನ ಮೇಲೆ ಇಟ್ಟು ಎದ್ದು ಹೋದ. ಗಾಳಿಯಲ್ಲಿ ಕಾಲು ಹಿಡಿದಿದ್ದವನಿಗೆ ಶೂ ತೊಡಿಸಿದ. ಇನ್ನೊಬ್ಬ ಹೆಂಗಸಿಗೆ ನಾಲ್ಕು ಜೋಡಿ ತೋರಿಸಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಆದರೆ ಎಡಗಾಲಿನ ಶೂ ಅವನು ಬಿಚ್ಚಿಟ್ಟಲ್ಲೇ ಇತ್ತು, ಬರಿಗಾಲಲ್ಲಿ ಕೂತೇ ಇದ್ದೆ.

ಅರ್ಧ ಗಂಟೆಯ ಮೇಲೆ ಬಂದ. ಸಿಟ್ಟಿನಿಂದ ಮುಖ ಕೆಂಪಾಗಿತ್ತು. ಮಾವನ ಸಿಟ್ಟನ್ನು ನಾನು ನೋಡಿದ್ದು ಅದೇ ಮೊದಲು.

“ಯಂತ್ರ ಮಾರಿದೆ. ಅಚ್ಚುಗಳನ್ನೆಲ್ಲ ಒಲೆಗೆ ಹಾಕಿದೆ. ಮೂವತ್ತು ವರ್ಷದ ಅಚ್ಚು. ನಿಂದೂ ಹಾಕಿದೆ. ನಿನ್ನ ಮೇಲಿನ ಸಿಟ್ಟಲ್ಲೇ ಹಾಕಿದೆ. ಯಾರಿಗೂ ಬೇಡ ಅಂದೆಯಲ್ಲ.”

“ಗೊತ್ತು ಮಾವ.”

“ಏನು ಗೊತ್ತು ನಿನಗೆ? ದಿನಾ ಹೋಗಿ ನೋಡ್ತಿದ್ದೆ ನಾನು. ದಿನಾ.”

ಕ್ಷಮಿಸು ಎಂದೆ. ಅದನ್ನು ಮಾತ್ರ ಕೂಗಲು ಆಗಲಿಲ್ಲ, ಅವನಿಗೆ ಕೇಳಿಸಿತೋ ಇಲ್ಲವೋ. ಮಾವ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತು ಉಳಿದ ಹಾಳೆಗಳನ್ನು ತೆಗೆದುಕೊಂಡ. ಓಟದ ದಿನ ಮನೆಯಲ್ಲೇ ಇರುವ ಹುಡುಗಿಯ ತಾಯಿಯ ಪತ್ರ ಬಂದಾಗ ನಿಲ್ಲಿಸಿದ.

“ಇದು ಯಾವಾಗಿಂದು?”

“ಇವತ್ತಿಂದು! ಇವತ್ತು ಮಧ್ಯಾಹ್ನ!”

“ಇವತ್ತು,” ಎಂದ. ಹಾಳೆಯನ್ನು ಕಣ್ಣಿಗೆ ಇನ್ನೂ ಹತ್ತಿರ ಹಿಡಿದು, “ಒಂಬತ್ತು ವರ್ಷ. ಬೆಳೆಯೋ ಕಾಲು. ಬೇಗ ಅಳತೆ ತಗೋಬೇಕು,” ಎಂದ. ನನಗೆ ಹೇಳಿದ್ದಲ್ಲ, ಹಾಳೆಗೆ ಹೇಳಿದ್ದು. ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಆಮೇಲೆ ಅವನ ಕೈಗೆ ಅವನದೇ ಎರಡನೇ ಪತ್ರ ಬಂತು. ಅದನ್ನು ತೆಗೆದಿಡಬೇಕೆಂದು ಮನೆಯಲ್ಲಿ ಎರಡು ಸಲ ಅಂದುಕೊಂಡು, ಕೊನೆಗೆ ಇರಲಿ ಎಂದು ಜೊತೆಗೇ ಇಟ್ಟಿದ್ದೆ. ಓದಿದ. ಬಹಳ ಹೊತ್ತು ಓದಿದ, ಇರುವುದು ನಾಲ್ಕು ಸಾಲು. ನಾನು ಅವನ ಮುಖ ನೋಡಲಾರದೆ ನನ್ನ ಬರಿಗಾಲನ್ನು ನೋಡುತ್ತಿದ್ದೆ.

ಮಾವ ಬೆಂಚಿನಿಂದ ಇಳಿದು ನೆಲಕ್ಕೆ ಕೂತ. ಆ ಹಾಳೆಯನ್ನು ಮಗುಚಿ, ಬರೆಯದ ಬದಿಯನ್ನು ಮೇಲೆ ಮಾಡಿ, ನನ್ನ ಮುಂದೆ ಹಾಸಿ ಅಂಗೈಯಿಂದ ಸಪಾಟು ಮಾಡಿದ. ಕಿವಿಯ ಮೇಲಿನ ಪೆನ್ಸಿಲು ತೆಗೆದ.

“ಕಾಲಿಡು.”

ಇಟ್ಟೆ. ಹಿಮ್ಮಡಿಯಿಂದ ಶುರುಮಾಡಿ, ಹೊರಬದಿಗೆ, ಕಿರುಬೆರಳಿಗೆ, ಒಂದೊಂದೇ ಬೆರಳನ್ನು ಬಳಸಿಕೊಂಡು ಪೆನ್ಸಿಲು ಬಂತು. ಹೆಬ್ಬೆರಳು ದಾಟಿ ಒಳಗಿನ ಬಾಗಿನ ಹತ್ತಿರ ತಲುಪಿದಾಗ ಅವನ ಕೈ ನಿಂತಿತು. ನನ್ನ ಕಾಲು ನಡುಗುತ್ತಿತ್ತು, ಕಚಗುಳಿಯಿಂದಲ್ಲ.

“ಅಲ್ಲಾಡಬೇಡ,” ಎಂದು ಮಾವ ಗದರಿದ.